ಪೊಳ್ಳಾಚಿಗೆ ಹೋದರೆ ಬಲೂನು ಉಬ್ಬುವುದನ್ನು ನೋಡಿ

ಸಂಕ್ರಾಂತಿ ರಜೆಗೆ ತಮಿಳುನಾಡಿನ ಪೊಳ್ಳಾಚಿಯ ಬಿಸಿಗಾಳಿ ಬಲೂನ್ ಉತ್ಸವಕ್ಕೆ ಹೋಗೋಣ ಅಂತಿರುವ ತಾಳವಾಡಿ ಕಡೆಯವರು ಹಿಂದಿನ ದಿನವೇ ಹೊರಡಿ. ದಾರಿಯ ದಿಂಬಂ ಘಾಟಿಯಲ್ಲಿ ರಾತ್ರಿ ವಾಹನ ಓಡಾಟಕ್ಕೆ ನಿರ್ಬಂಧ ಇದೆ. ಬೆಳಗ್ಗೆ ಗೇಟು ತೆಗೆದ ಮೇಲೆ 27 ತಿರುವು ಇಳಿದು ಬಣ್ಣಾರಿ ಮುಟ್ಟುವಷ್ಟರಲ್ಲಿ ಪೊಳ್ಳಾಚಿಯಲ್ಲಿ ಬಲೂನು ಮೇಲೇರಿರುತ್ತದೆ. ಹಗಲಲ್ಲೇ ಸತ್ಯಮಂಗಲ, ಕೊಯಮತ್ತೂರು ದಾಟಿ ಹೋಗಿ. ಕೊಯಮತ್ತೂರಿನಿಂದ ಪೊಳ್ಳಾಚಿ ಸುಮಾರು 40 ಕಿ.ಮೀ. ಪೊಂಗಲ್ ಸಮಯ, ರೂಮು ಮೊದಲೇ ಹಿಡಿದಿಡಿ.

ಈ ಉತ್ಸವ ಶುರುವಾಗಿದ್ದು 2015ರಲ್ಲಿ. ಎಲ್ಲರೂ ಬಲೂನು ಹಾರುವ ಫೋಟೋಗೆ ಕಾಯುತ್ತಾರೆ. ನನ್ನ ಕೇಳಿದರೆ ನೋಡಬೇಕಾದ್ದು ನೆಲದ ಮೇಲೆ ನಡೆಯುವ ಕೆಲಸ. ಕತ್ತಲಿರುವಾಗಲೇ ಮೈದಾನದಲ್ಲಿರಿ.

ಮೊದಲು ಹೀಲಿಯಂ ತುಂಬಿದ ಪುಟ್ಟ ಬಲೂನೊಂದನ್ನು ಬಿಟ್ಟು ಗಾಳಿ ಎತ್ತ ಬೀಸುತ್ತಿದೆ ಅಂತ ನೋಡುತ್ತಾರೆ. ಜನ ನಿಲ್ಲುವ ಬುಟ್ಟಿಯನ್ನು ಅಡ್ಡ ಮಲಗಿಸಿ, ನೈಲಾನ್ ಬಟ್ಟೆಯನ್ನು ಉದ್ದಕ್ಕೆ ಹಾಸುತ್ತಾರೆ. ಇಬ್ಬರು ಅದರ ಬಾಯಿ ಅಗಲಿಸಿ ಹಿಡಿಯುತ್ತಾರೆ, ದೊಡ್ಡ ಫ್ಯಾನು ತಣ್ಣನೆ ಗಾಳಿ ನುಗ್ಗಿಸುತ್ತದೆ. ಬಟ್ಟೆ ಮಗ್ಗುಲು ಬದಲಿಸುವ ಎಮ್ಮೆ ಹಾಗೆ ನಿಧಾನಕ್ಕೆ ಹೊರಳುತ್ತದೆ. ಅರ್ಧಕ್ಕೂ ಜಾಸ್ತಿ ತುಂಬಿದ ಮೇಲೆಯೇ ಗಾಳಿ ಕಾಯಿಸುವ ಬರ್ನರ್ ಬೆಂಕಿ. ತುದಿಯ ಹಗ್ಗ ಹಿಡಿದವನು ಹಿಂದಕ್ಕೆ ಎಳೆಯುತ್ತಾ ನಿಲ್ಲಬೇಕು, ಇಲ್ಲದಿದ್ದರೆ ಬಲೂನು ಒಮ್ಮೆಲೇ ಎದ್ದು ಓಲಾಡುತ್ತದೆ. ಹೊರಗೆ 20 ಡಿಗ್ರಿ, ಒಳಗೆ 100 ಡಿಗ್ರಿ ಇದ್ದರೆ ಒಂದು ಘನ ಮೀಟರ್ ಬಿಸಿಗಾಳಿ ಎತ್ತುವುದು ಕಾಲು ಕಿಲೋ ಮಾತ್ರ. ಅದಕ್ಕೇ ಬಲೂನು ಅಷ್ಟು ದೊಡ್ಡದು.

ಜೊತೆಗೆ ಬಂದಿದ್ದ ನಮ್ಮತ್ತೆ, "ಇದನ್ನ ನಮ್ಮ ಮಾದಪ್ಪನ ಬೆಟ್ಟದ ಮೇಲಿಂದ ಹಾರಿಸೋಕಾಗಲ್ವೇನಪ್ಪಾ?" ಅಂದರು. ಒಳ್ಳೇ ಪ್ರಶ್ನೆ ಅಲ್ವಾ! ಎತ್ತರ ಅಡ್ಡಿಯಲ್ಲ. 1991ರ ಅಕ್ಟೋಬರ್‌ನಲ್ಲಿ ನೇಪಾಳದ ಗೋಕ್ಯೋದಿಂದ ಹೊರಟ ಎರಡು ಬಲೂನುಗಳು ಎವರೆಸ್ಟ್ ದಾಟಿದವು. ಗೋಕ್ಯೋ 4,700 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 60ರ ಆಸುಪಾಸು. ಅಂಥ ಕಡೆ ಅದೇ ಬಲೂನು ಕಮ್ಮಿ ಭಾರ ಎತ್ತುತ್ತದೆ, ಬರ್ನರ್‌ಗೆ ಆಮ್ಲಜನಕವೂ ಕಮ್ಮಿ. ಚಳಿಗೆ ಸಿಲಿಂಡರಿನ ಪ್ರೋಪೇನ್ (ಬರ್ನರ್‌ನಲ್ಲಿ ಉರಿಯುವ ಇಂಧನ) ಒತ್ತಡ ಬೀಳುತ್ತದೆ, ನೈಟ್ರೋಜನ್ ಸೇರಿಸಿ ಒತ್ತಡ ಏರಿಸಿಕೊಳ್ಳಬೇಕಾಗುತ್ತದೆ. ಹೊರಗಿನ ಚಳಿ ಒಂದು ವಿಷಯಕ್ಕೆ ಅನುಕೂಲ: ಒಳಗಿನ ಬಿಸಿಗೂ ಹೊರಗಿನದಕ್ಕೂ ಅಂತರ ಜಾಸ್ತಿ. ನಮ್ಮ ಬೆಟ್ಟಗಳಲ್ಲಿ ನಿಜವಾದ ತೊಂದರೆ ಕಣಿವೆಯಲ್ಲಿ ಸುತ್ತುವ ಗಾಳಿ, ಇಳಿಯೋಕೆ ಜಾಗವಿಲ್ಲದ ಕಾಡು. ಪೊಳ್ಳಾಚಿಯಲ್ಲಿ ಆನೆಮಲೆ ಬೆಟ್ಟಸಾಲು ದೂರದಲ್ಲಿದೆ, ಕೆಳಗೆ ಬಯಲಿದೆ.

ಹತ್ತಬೇಕು ಅಂತಿದ್ದರೆ ಹತ್ತಿಬಟ್ಟೆ, ಟೋಪಿ, ಬೂಟು ಹಾಕಿ. ಬರ್ನರ್ ಕೆಳಗೆ ನಿಂತರೆ ತಲೆ ಕಾಯುತ್ತದೆ. ಬಲೂನು ಎಲ್ಲಿ ಇಳಿಯುತ್ತದೋ ಗಾಳಿಗೇ ಗೊತ್ತು, ಹೊಲ ತೋಟದಲ್ಲಿ ನಡೆಯಬೇಕಾದೀತು. ಸುಮ್ನೆ ನೋಡುವವರು ಫ್ಯಾನಿನ ಹತ್ತಿರ ಮಕ್ಕಳನ್ನು ಬಿಡಬೇಡಿ, ಹಾಸಿದ ಬಟ್ಟೆ ತುಳಿಯಬೇಡಿ.

ಗಾಳಿ ಜೋರಾದರೆ ಹಾರಾಟ ರದ್ದು. ಪೈಲಟ್ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಆನೆಮಲೆ ಊರಿನ ಮಾಸಾಣಿ ಅಮ್ಮನ ಗುಡಿಗೆ ಹೋಗಿಬನ್ನಿ, ಆಳಿಯಾರ್ ಡ್ಯಾಮ್ ಕೂಡ ಅದೇ ಕಡೆ. ಸಂಜೆಗೆ ಮಾತ್ರ ಮೈದಾನಕ್ಕೆ ವಾಪಸ್ ಬನ್ನಿ. ಗಾಳಿ ಇಳಿದಿದ್ದರೆ ಬಲೂನುಗಳನ್ನು ಹಗ್ಗಕ್ಕೆ ಕಟ್ಟಿ ಕತ್ತಲಲ್ಲಿ ಬೆಳಗಿಸುತ್ತಾರೆ, ಅದಕ್ಕೆ ಬುಟ್ಟಿ ಹತ್ತಬೇಕಿಲ್ಲ.