ಮೂರನೆಯ ಕುರ್ಚಿ

ಧ್ಯಾನಕೂಟದ ಮೊದಲ ಮಧ್ಯಾಹ್ನ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಗು ಬರುತ್ತದೆ. ಕ್ರೈಸ್ತ ಸಭೆಗಳನ್ನು ನಡೆಸುವ ಹದಿನಾಲ್ಕು ಮಂದಿ ಸಭಾಪಾಲಕಿಯರು ಮೂರು ದಿನಗಳ ಮಟ್ಟಿಗೆ ಒಂದೆಡೆ ಸೇರಿದ್ದೆವು. ಫೋನುಗಳನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಿ, ಸತ್ಯವೇದದ (ಬೈಬಲಿನ) 1 ಅರಸುಗಳು ಪುಸ್ತಕದಲ್ಲಿ ಪ್ರವಾದಿ ಎಲೀಯನ ಕಥೆಯಿರುವ 19ನೇ ಅಧ್ಯಾಯವನ್ನು ನಿಧಾನವಾಗಿ ನಾಲ್ಕು ಸಲ ಓದಿ, ಮನಸ್ಸಿಗೆ ತಟ್ಟಿದ ಒಂದೇ ಮಾತನ್ನು ಹಿಡಿದುಕೊಂಡು ಒಂದು ತಾಸು ಮೌನವಾಗಿರಬೇಕೆಂಬುದು ನಮಗಿದ್ದ ಸೂಚನೆ. ತಾಸು ಮುಗಿಯುವ ಹೊತ್ತಿಗೆ ನನ್ನ ಪುಸ್ತಕದಲ್ಲಿ ಮುಂದಿನ ಭಾನುವಾರ ಸಭೆಗೆ ಬೋಧಿಸಬೇಕಿದ್ದ ಪ್ರಸಂಗವೇ ಸಿದ್ಧವಾಗಿತ್ತು: ಎಲೀಯನ ಓಟ, ಎಲೀಯನ ಊಟ, ಎಲೀಯನ ನೋಟ. ಪ್ರಾಸ ಕೂಡಿಬಂದದ್ದಕ್ಕೆ ಒಳಗೊಳಗೇ ಹಿಗ್ಗುತ್ತಿದ್ದಾಗ, ಕೂಟವನ್ನು ನಡೆಸುತ್ತಿದ್ದ ಹಿರಿಯ ಅಕ್ಕ ಹಿಂದಿನಿಂದ ಹಾದುಹೋಗುತ್ತ ಪುಟದ ಮೇಲೆ ಕಣ್ಣಾಡಿಸಿ, "ಸಭೆಗಾಯಿತು. ನಿನಗೇನು ಉಳಿಯಿತು?" ಎಂದು ಕೇಳಿ ಮುಂದೆ ನಡೆದರು.

ಉಳಿದದ್ದು ಏನೂ ಇರಲಿಲ್ಲ. ಹನ್ನೊಂದು ವರ್ಷಗಳ ಸಭಾಪಾಲನೆಯಲ್ಲಿ ಪ್ರಸಂಗದ ಗೊಡವೆಯಿಲ್ಲದೆ ಸತ್ಯವೇದವನ್ನು ತೆರೆದ ದಿನಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು. ಕೊನೆಯುಸಿರೆಳೆಯುತ್ತಿರುವವರ ಪಕ್ಕದಲ್ಲಿ, ಮುರಿದುಬೀಳುತ್ತಿರುವ ಮದುವೆಗಳ ನಡುವೆ ಕುಳಿತು ನೂರಾರು ಜನರ ಗುಟ್ಟುಗಳನ್ನು ಒಡಲಲ್ಲಿ ಇಟ್ಟುಕೊಂಡವಳಿಗೆ ತನ್ನದೊಂದನ್ನು ಹೇಳಿಕೊಳ್ಳಲು ಜಾಗವಿರಲಿಲ್ಲ. ಸಭೆಯವರಲ್ಲಿ ಸ್ನೇಹಿತೆಯರು ಇಲ್ಲದಿಲ್ಲ. ಆದರೆ ಶನಿವಾರ ರಾತ್ರಿ ದೇವರ ಮೇಲೆಯೇ ಸಿಟ್ಟಾಗಿದ್ದೆನೆಂದು ಅವರಲ್ಲೊಬ್ಬಳೊಡನೆ ಹೇಳಿಕೊಂಡರೆ, ಮರುದಿನ ಅವಳೇ ಮುಂದಿನ ಸಾಲಿನಲ್ಲಿ ಕುಳಿತು ನನ್ನ ಕೈಯಿಂದ ಪ್ರಭುಭೋಜನದ ರೊಟ್ಟಿ ಸ್ವೀಕರಿಸಬೇಕು. ಸಹೋದ್ಯೋಗಿಗಳ ಕೂಟಗಳಲ್ಲಾದರೋ ಮಾತೆಲ್ಲ ಕಟ್ಟಡ, ಲೆಕ್ಕಪತ್ರ, ವರ್ಗಾವಣೆಗಳ ಸುತ್ತ. ಅಷ್ಟು ಗಂಡಸರ ನಡುವೆ ಒಬ್ಬ ಹೆಂಗಸು "ದಣಿದಿದ್ದೇನೆ" ಎಂದರೆ ಅದು ಅವಳೊಬ್ಬಳ ದಣಿವಾಗಿ ಉಳಿಯುವುದಿಲ್ಲ. ಹೆಂಗಸರಿಗೆ ಈ ಸೇವೆ ಒಗ್ಗದು ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ.

ಎರಡನೆಯ ದಿನ ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿದರು. ಪ್ರತಿ ಜೋಡಿಗೂ ಮೂರು ಕುರ್ಚಿಗಳಿದ್ದವು. 12ನೇ ಶತಮಾನದಲ್ಲಿ ಇಂಗ್ಲೆಂಡಿನ ರೀವೋ ಮಠದ ಅಧಿಪತಿಯಾಗಿದ್ದ ಏಲ್ರೆಡ್, ಆತ್ಮಿಕ ಸ್ನೇಹವನ್ನು ಕುರಿತ ತನ್ನ ಸಂವಾದವನ್ನು, ಇಲ್ಲಿ ನಾವಿಬ್ಬರಿದ್ದೇವೆ, ನಡುವೆ ಮೂರನೆಯವನಾಗಿ ಕ್ರಿಸ್ತನಿದ್ದಾನೆಂದು ನಂಬುತ್ತೇನೆ ಎಂಬರ್ಥದ ಮಾತಿನಿಂದ ತೊಡಗಿಸುತ್ತಾನೆ. ಖಾಲಿ ಕುರ್ಚಿ ಅದರ ಗುರುತಂತೆ. ಅದನ್ನು ಕೇಳಿಸಿಕೊಂಡು ತಲೆಯಾಡಿಸಿದ ನಾನು, ಕುಳಿತ ಮರುಕ್ಷಣ ಅದೇ ಕುರ್ಚಿಯ ಮೇಲೆ ನನ್ನ ಕೈಚೀಲವನ್ನು ಇಟ್ಟಿದ್ದೆ. ನನಗೆ ಜೋಡಿಯಾಗಿದ್ದವರು ಏನೂ ಹೇಳದೆ ಅದನ್ನೆತ್ತಿ ನೆಲಕ್ಕಿಟ್ಟು, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿದರು.

ನಿಯಮ ಸರಳವಾಗಿತ್ತು: ಒಬ್ಬರು ಇಪ್ಪತ್ತು ನಿಮಿಷ ಮಾತಾಡಬೇಕು, ಇನ್ನೊಬ್ಬರು ಬುದ್ಧಿ ಹೇಳಬಾರದು, ಸತ್ಯವೇದದ ವಚನ ಉದ್ಧರಿಸಬಾರದು, ತಮ್ಮ ಕಥೆಯನ್ನು ತೆಗೆಯಬಾರದು, ಬೇಕೆನಿಸಿದರೆ ಒಂದು ಪ್ರಶ್ನೆ ಕೇಳಬಹುದು. ಬೋಧಕರಿಗೆ ಇದಕ್ಕಿಂತ ಕಠಿಣವಾದ ಉಪವಾಸ ಇನ್ನೊಂದಿರಲಾರದು. ನಾನು ಎಂಟು ತಿಂಗಳ ಹಿಂದೆ ಸಮಾಧಿ ಮಾಡಿದ ಒಂದು ಮಗುವಿನ ಬಗ್ಗೆ ಹೇಳಿದೆ. ಆ ದಿನದಿಂದ ಬಾಯಿಂದ ಪ್ರಾರ್ಥನೆಗಳು ಎಂದಿನಂತೆ ಹರಿದುಬರುತ್ತಿದ್ದರೂ ಅವುಗಳ ಅಡಿಯಲ್ಲಿ ನೆಲವಿಲ್ಲದಂತಾಗಿರುವುದನ್ನು, ಆ ತಾಯಿ ನನ್ನ ಕೈ ಹಿಡಿದು "ನೀವಿದ್ದೀರಲ್ಲ, ಅಷ್ಟು ಸಾಕು" ಎಂದಾಗ ಓಡಿಹೋಗಬೇಕೆನಿಸಿದ್ದನ್ನು ಹೇಳಿದೆ. ಇದನ್ನೆಲ್ಲ ಯಾರಿಗೆ ಹೇಳಲಿ, ಇರುವುದು ನಾನೊಬ್ಬಳೇ ಎಂದೂ ಹೇಳಿದ್ದೆನೆಂದು ಕಾಣುತ್ತದೆ.

ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು: "ಎಲೀಯ ತನ್ನ ಸೇವಕನನ್ನು ಎಲ್ಲಿ ಬಿಟ್ಟುಹೋದ?"

"ಬೇರ್ಷೆಬದಲ್ಲಿ," ಎಂದೆ, ಪರೀಕ್ಷೆಗೆ ಕುಳಿತವಳಂತೆ.

"ನೀವು ಎಲ್ಲಿ ಬಿಟ್ಟಿರಿ?"

ಜೊತೆಗಿದ್ದವನನ್ನು ತಾನೇ ಹಿಂದೆ ಬಿಟ್ಟು, ಒಂದು ದಿನದ ದಾರಿ ಅಡವಿಯೊಳಕ್ಕೆ ನಡೆದು, ಸಾವನ್ನು ಬೇಡಿದ ಆ ಪ್ರವಾದಿ, ಮುಂದೆ ಹೋರೇಬ್ ಬೆಟ್ಟದಲ್ಲಿ ನಾನೊಬ್ಬನೇ ಉಳಿದಿದ್ದೇನೆ ಎಂದು ಒಂದಲ್ಲ, ಎರಡು ಸಲ ದೇವರಿಗೆ ದೂರುತ್ತಾನೆ. ಈ ಅಧ್ಯಾಯದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಆ ಸೇವಕ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೈವಶಾಸ್ತ್ರದ ಕಾಲೇಜಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳತಿ ಆ ಮಗುವಿನ ಸುದ್ದಿ ಕೇಳಿ ಮೂರು ಸಲ ಫೋನು ಮಾಡಿದ್ದಳು. ನಾನು ಎತ್ತಿರಲಿಲ್ಲ. ನನ್ನ ಅಳು ನಿಂತ ಮೇಲೆ ಜೋಡಿಯಾಗಿದ್ದವರು, "ವಚನ ಹೇಳಬಾರದಿತ್ತು, ನಿಯಮ ಮುರಿದೆ," ಎಂದು ತಪ್ಪೊಪ್ಪಿಕೊಂಡರು.

ಅಂದು ರಾತ್ರಿಯ ಪ್ರಾರ್ಥನೆಗೆ ಮುನ್ನ ಯಾರೋ ಫ್ಲಾರೆನ್ಸ್ ಲೀ ಟಿಮ್-ಒಯ್ ಅವರ ಮಾತೆತ್ತಿದರು. 1944ರಲ್ಲಿ, ಯುದ್ಧದ ನಡುವೆ, ಚೀನಾದಲ್ಲಿ ಗುರುದೀಕ್ಷೆ ಪಡೆದ ಅವರು ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಮೊದಲ ಮಹಿಳಾ ಗುರು. ವಿರೋಧ ಬಲವಾದಾಗ 1946ರಲ್ಲಿ ಗುರುಸೇವೆಯ ಪರವಾನಗಿಯನ್ನು ಬಿಟ್ಟುಕೊಟ್ಟರು, ದೀಕ್ಷೆಯನ್ನಲ್ಲ. ಅವರ ಬಳಿಕ ಹಾಂಗ್‌ಕಾಂಗಿನಲ್ಲಿ ಇನ್ನಿಬ್ಬರು ಮಹಿಳೆಯರಿಗೆ ದೀಕ್ಷೆಯಾದದ್ದು 1971ರಲ್ಲಷ್ಟೇ. ಅವರ ಧೈರ್ಯವನ್ನು ಹಿಂದೆಯೂ ಕೊಂಡಾಡಿದ್ದೆ; ಆ 27 ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಯಾರಿದ್ದರು ಎಂದು ಯೋಚಿಸಿದ್ದು ಅಂದೇ ಮೊದಲು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾವು ಹದಿನಾಲ್ಕು ಮಂದಿ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಬುಟ್ಟಿಯಿಂದ ಫೋನು ವಾಪಸು ಸಿಕ್ಕಿದ ಕೂಡಲೇ ಹಳೆಯ ಗೆಳತಿಗೆ ಕರೆ ಮಾಡಿದೆ. ಬೈದಳು, ಚೆನ್ನಾಗಿಯೇ ಬೈದಳು. ಜೋಡಿಯಾಗಿದ್ದವರೊಡನೆ ಈಗ ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಗಂಟೆ ಫೋನಿನಲ್ಲಿ ಅದೇ ನಿಯಮದಂತೆ ಮಾತಾಡುತ್ತೇನೆ. ಎದುರಿಗೊಂದು ಖಾಲಿ ಕುರ್ಚಿ ಇಟ್ಟುಕೊಳ್ಳುತ್ತೇನೆ. ಕೈಚೀಲ ಇನ್ನೂ ಆಗಾಗ ಅದರ ಮೇಲೆ ಹೋಗಿ ಕೂರುವುದುಂಟು. ಕಳೆದ ತಿಂಗಳು ಅವರ ಸರದಿಯಿತ್ತು. "ಇವತ್ತು ಮಾತು ಬರುತ್ತಿಲ್ಲ" ಎಂದರು. ಫೋನು ಇಡಲಿಲ್ಲ. ಇಪ್ಪತ್ತು ನಿಮಿಷ ಅವರ ಉಸಿರು, ಅವರ ಮನೆಯ ಗಡಿಯಾರದ ಟಿಕ್‌ಟಿಕ್ ಕೇಳುತ್ತ ಕುಳಿತಿದ್ದೆ.