ಮೂಗಿನ ಆಪರೇಷನ್‌ಗೆ ಬಂದವರ ಗದ್ದ ಯಾಕೆ ನೋಡುತ್ತೇವೆ

ತುಮಕೂರಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನನ್ನ ಕೆಲಸ. ಇಲ್ಲಿ ಮೂಗಿನ ಆಕಾರ ಸರಿ ಮಾಡುವ ಆಪರೇಷನ್‌ಗೂ ಜನ ಬರುತ್ತಾರೆ. ಡಾಕ್ಟರ ಕೋಣೆಗೆ ಹೋಗುವ ಮುಂಚೆ ಅವರು ನನ್ನ ಹತ್ತಿರ ಕೂರಬೇಕು. ಏನು ಬೇಕು ಅಂತ ಕೇಳಿ ಬರೆದುಕೊಳ್ಳುತ್ತೇನೆ, ಫೋಟೋ ತೆಗೆಯುತ್ತೇನೆ. ಆಪರೇಷನ್ ಆದ ಮೇಲೂ ಅದೇ ಗೋಡೆ, ಅದೇ ಲೈಟು, ಮತ್ತೆ ಫೋಟೋ. ಬರುವವರು ಹೆಚ್ಚಾಗಿ ಶಿರಾ, ಗುಬ್ಬಿ, ಮಧುಗಿರಿ, ಕುಣಿಗಲ್ ಕಡೆಯವರು.

ಬಂದವರೆಲ್ಲ ಮೂಗಿನ ಬಗ್ಗೆ ಮಾತ್ರ ಮಾತಾಡುತ್ತಾರೆ. ನಮ್ಮ ಡಾಕ್ಟರು ಮಾತ್ರ ಮೂಗನ್ನು ಕೊನೆಗೆ ನೋಡುತ್ತಾರೆ. ಹಣೆ, ಎರಡು ಕಣ್ಣಿನ ನಡುವಿನ ಜಾಗ, ಕೆನ್ನೆ, ತುಟಿ, ಗದ್ದ, ಚರ್ಮ, ಆಮೇಲೆ ಮೂಗು. ಈಗ ನನಗೂ ಅದೇ ಅಭ್ಯಾಸ ಆಗಿಬಿಟ್ಟಿದೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಾಗಲೂ ಎದುರಿನವರ ಗದ್ದದ ಮೇಲೇ ಕಣ್ಣು ಹೋಗುತ್ತದೆ. ಏನು ಮಾಡೋದು!

ಗುಬ್ಬಿ ಕಡೆಯ ಒಬ್ಬ ಹುಡುಗ ಸೋದರಮಾವನ ಜೊತೆ ಬಂದಿದ್ದ. "ಮೇಡಂ, ಈ ಗಿಣಿಮೂಗು ಒಂದು ಹೋದರೆ ಸಾಕು" ಅಂದ. ಮೂಗಿನ ಮೇಲೆ ದಿಣ್ಣೆ ಇದ್ದದ್ದು ನಿಜ. ಪಕ್ಕದಿಂದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಅವನ ಮೂಗಿನ ಮೇಲೆ ಒಂದು ಚೀಟಿ ಅಡ್ಡ ಹಿಡಿದು, "ಈಗ ಕೆಳಗೆ ನೋಡಪ್ಪ" ಅಂದೆ. ಕೆಳತುಟಿಗಿಂತ ಗದ್ದ ಚೆನ್ನಾಗಿಯೇ ಹಿಂದೆ ಸರಿದಿತ್ತು. ಅವನು ಸುಮ್ಮನಾದ. ಅವನ ಮಾವ ಬಗ್ಗಿ ನೋಡಿ, "ಅಯ್ಯೋ, ಇದು ನಮ್ಮಕ್ಕನ ಗದ್ದ ಕಣಮ್ಮ, ನಮ್ಮ ಮನೆಯವರಿಗೆಲ್ಲ ಹೀಗೇ" ಅಂದು ತಮ್ಮ ಗದ್ದ ಸವರಿಕೊಂಡರು.

ಗದ್ದ ಹಿಂದಿದ್ದರೆ ಮೂಗು ಮುಂದೆ ಬಂದ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ಗಂಡಸರಲ್ಲಿ ಗದ್ದ ಕೆಳತುಟಿಯ ಸಮಕ್ಕೆ ಇರುತ್ತದೆ, ಹೆಂಗಸರಲ್ಲಿ ಸ್ವಲ್ಪ ಹಿಂದೆ. ಅದಕ್ಕಿಂತ ಹಿಂದೆ ಹೋದಷ್ಟೂ ಬೈಗುಳ ಮೂಗಿನ ಪಾಲಿಗೆ. ಹಣೆ ಹಿಂದಕ್ಕೆ ಇಳಿಜಾರಾಗಿದ್ದರೂ ಇದೇ ಕಥೆ. ಎರಡು ಹುಬ್ಬಿನ ನಡುವೆ ಮೂಗು ಶುರುವಾಗುವ ಜಾಗ ತುಂಬಾ ತಗ್ಗಾಗಿದ್ದರೆ, ಅದರ ಕೆಳಗಿನ ಸಣ್ಣ ಉಬ್ಬೂ ದೊಡ್ಡ ದಿಣ್ಣೆ ಥರ ಕಾಣುತ್ತದೆ. ಅಂಥವರಿಗೆ ಕೆಲವೊಮ್ಮೆ ದಿಣ್ಣೆ ಕಡಿಮೆ ಕೆತ್ತಿ, ಮೇಲಿನ ತಗ್ಗನ್ನು ಸ್ವಲ್ಪ ತುಂಬುತ್ತಾರೆ. ಅಷ್ಟಕ್ಕೇ ಮೂಗು ನೇರ ಕಾಣುತ್ತದೆ.

ಆ ಹುಡುಗನಿಗೆ ಡಾಕ್ಟರು ನೇರವಾಗಿ ಹೇಳಿದರು. ಚಿಕ್ಕ ಗದ್ದಕ್ಕೆ ಹೊಂದಲಿ ಅಂತ ಮೂಗನ್ನು ಚಿಕ್ಕದು ಮಾಡುತ್ತಾ ಹೋದರೆ, ಅಗಲ ಹಣೆಯ ಕೆಳಗೆ ಮೂಗು ಇದ್ದೂ ಇಲ್ಲದ ಹಾಗೆ ಆಗುತ್ತದೆ. ಗದ್ದವನ್ನು ಮುಂದೆ ತರುವ ಆಪರೇಷನ್ ಬೇರೆ ಇದೆ, ಬೇಕಾದರೆ ಎರಡನ್ನೂ ಒಟ್ಟಿಗೆ ಯೋಚಿಸಬಹುದು. ಅದು ಬೇಡವಾದರೆ ಮೊದಲು ಗಡ್ಡ ಬಿಟ್ಟು ನೋಡು. ಮಾವ ಜೋರಾಗಿ ನಕ್ಕರು. ಆದರೆ ಅದು ತಮಾಷೆಗೆ ಹೇಳಿದ ಮಾತಲ್ಲ. ಗದ್ದದ ಮೇಲೆ ಒತ್ತಾಗಿ ಗಡ್ಡ ಬಂದರೆ ಪಕ್ಕದ ನೋಟ ನಿಜಕ್ಕೂ ಬದಲಾಗುತ್ತದೆ. ಹುಡುಗ ಗಡ್ಡ ಬಿಟ್ಟ, ಆಪರೇಷನ್ ಮುಂದಕ್ಕೆ ಹಾಕಿದ. ಕ್ಲಿನಿಕ್‌ಗೆ ಒಂದು ಬಿಲ್ಲು ಕಡಿಮೆ ಆಯಿತು, ಇರಲಿ.

ಗದ್ದದ ವಿಷಯವಾದರೂ ಫೋಟೋ ತೋರಿಸಿದರೆ ಜನಕ್ಕೆ ಅರ್ಥವಾಗುತ್ತದೆ. ಚರ್ಮದ ವಿಷಯ ಹೇಳುವುದೇ ಕಷ್ಟ.

ಹುಡುಗಿಯರು ಜಾಸ್ತಿ ಬರುವುದು ಮದುವೆ ಗೊತ್ತಾದ ಮೇಲೆ. ಮೊಬೈಲಿನಲ್ಲಿ ಯಾರೋ ನಟಿಯ ಫೋಟೋ ರೆಡಿ ಇರುತ್ತದೆ. "ಹೀಗೆ ಸಂಪಿಗೆ ಮೂಗು ಬೇಕು ಅಕ್ಕ" ಅನ್ನುತ್ತಾರೆ. ನಾನು ಫೋಟೋ ನೋಡುವ ಮೊದಲು ಅವರ ಮೂಗಿನ ತುದಿ ನೋಡುತ್ತೇನೆ. ಎಣ್ಣೆ ಜಿನುಗುತ್ತಿದೆಯಾ, ರಂಧ್ರಗಳು ಎದ್ದು ಕಾಣುತ್ತವಾ. ಆಮೇಲೆ ಡಾಕ್ಟರು ಎರಡು ಬೆರಳಲ್ಲಿ ತುದಿ ಹಿಡಿದು, ಚರ್ಮ ಎಷ್ಟು ದಪ್ಪ, ಒಳಗಿನ ಮೆತ್ತನೆ ಮೂಳೆ, ಅಂದರೆ ಕಾರ್ಟಿಲೇಜ್, ಎಷ್ಟು ಗಟ್ಟಿ ಅಂತ ಒತ್ತಿ ನೋಡುತ್ತಾರೆ. ನಮ್ಮ ಕಡೆ ತುದಿಯ ಚರ್ಮ ದಪ್ಪ ಇರುವವರು ಬಹಳ.

ಆಪರೇಷನ್‌ನಲ್ಲಿ ಕೆತ್ತುವುದು, ಹೊಲಿಯುವುದು ಎಲ್ಲ ಒಳಗಿನ ಮೂಳೆ, ಕಾರ್ಟಿಲೇಜ್ ಮೇಲೆ. ಚರ್ಮ ಅದೇ ಇರುತ್ತದೆ. ಲೋಟದ ಮೇಲೆ ದಪ್ಪ ಕೌದಿ ಹೊದಿಸಿದರೆ ಅದರ ಅಂಚು ಕಾಣುತ್ತದಾ? ಶಿರಾದ ಒಬ್ಬ ಹುಡುಗಿಯ ತಾಯಿ, "ಹಂಗಾದ್ರೆ ಇನ್ನೂ ಜಾಸ್ತಿ ಕೆತ್ತಿಬಿಡ್ರಲ್ಲ" ಅಂದರು. ಎಲ್ಲರಿಗೂ ಬರುವ ಯೋಚನೆಯೇ. ಆಗುವುದು ಮಾತ್ರ ಉಲ್ಟಾ. ದಪ್ಪ ಚರ್ಮ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಒಳಗೆ ಜಾಸ್ತಿ ತೆಗೆದರೆ ಆ ಖಾಲಿ ಜಾಗದಲ್ಲಿ ಗಾಯದ ಗಟ್ಟಿ ಮಾಂಸ ತುಂಬಿಕೊಳ್ಳುತ್ತದೆ. ತುದಿಯ ಸ್ವಲ್ಪ ಮೇಲೆ ಊದಿಕೊಂಡು ಗಿಣಿ ಕೊಕ್ಕಿನ ಹಾಗೆ ಬಾಗಬಹುದು. ಗಿಣಿಮೂಗು ಬೇಡ ಅಂತ ಬಂದವರಿಗೆ ಗಿಣಿಮೂಗೇ ಗತಿ! ಅದಕ್ಕೇ ದಪ್ಪ ಚರ್ಮದವರಿಗೆ ಡಾಕ್ಟರು ತೆಗೆಯುವುದಕ್ಕಿಂತ ಕೊಡುವುದೇ ಹೆಚ್ಚು. ಮೂಗಿನ ನಡುಗೋಡೆಯಿಂದಲೋ ಕಿವಿಯಿಂದಲೋ ಕಾರ್ಟಿಲೇಜ್ ತಂದು ತುದಿಗೆ ಆಸರೆ ಇಟ್ಟು, ಚರ್ಮವನ್ನು ಒಳಗಿನಿಂದ ಬಿಗಿ ಮಾಡುತ್ತಾರೆ.

ಬಾವು ಇಳಿಯುವುದೂ ಇವರಿಗೆ ನಿಧಾನ. ಮೂಗಿನ ಮೇಲಿನ ಪಟ್ಟಿ ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ. ಆದರೆ ಮೂಗು ಅದರ ಕೊನೆಯ ಆಕಾರಕ್ಕೆ ಬರಲು ಒಂದು ವರ್ಷ ಹಿಡಿಯುತ್ತದೆ, ದಪ್ಪ ಚರ್ಮಕ್ಕೆ ಅದಕ್ಕಿಂತ ಜಾಸ್ತಿಯೂ ಆಗಬಹುದು. ಮುಂದಿನ ತಿಂಗಳು ಮದುವೆ ಇಟ್ಟುಕೊಂಡು ಬಂದರೆ ಆರತಕ್ಷತೆಯ ಆಲ್ಬಮ್ಮಿನಲ್ಲಿ ಬಾವೇ ಬರುತ್ತದೆ. ಇದನ್ನು ಹೇಳಿದಾಗ ಶಿರಾದ ಆ ತಾಯಿ ಮಗಳ ಕಡೆ ತಿರುಗಿ, "ನಾನ್ ಹೇಳ್ಳಿಲ್ವೇನೇ?" ಅಂದರು. ಏನು ಹೇಳಿದ್ದರೋ ಗೊತ್ತಿಲ್ಲ.

ತೆಳು ಚರ್ಮದವರು ಅದೃಷ್ಟವಂತರು ಅಂದುಕೊಳ್ಳಬೇಡಿ. ಒಳಗಿನ ಕೆಲಸ ಚೆನ್ನಾಗಿ ಎದ್ದು ಕಾಣುತ್ತದೆ ನಿಜ, ಒಂದು ಸಣ್ಣ ಏರುಪೇರೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಮೂಗಿನ ಬೆನ್ನಿನ ನಡುಭಾಗದಲ್ಲಿ ಎಲ್ಲರಿಗೂ ಚರ್ಮ ತೆಳು. ಅಲ್ಲಿ ಬೆರಳಾಡಿಸಿದರೆ ನಿಮಗೇ ಗೊತ್ತಾಗುತ್ತದೆ.

ಇನ್ನು ಅಗಲದ ಲೆಕ್ಕ. ಎರಡು ಕಣ್ಣಿನ ಒಳಮೂಲೆಗಳ ನಡುವೆ ಎಷ್ಟು ಜಾಗ ಇದೆಯೋ ಮೂಗಿನ ಬುಡವೂ ಅಷ್ಟೇ ಅಗಲ ಇರಬೇಕು ಅನ್ನುವ ಒಂದು ಹಳೇ ಅಳತೆ ಇದೆ. ಅದು ಯುರೋಪಿನ ಚಿತ್ರಕಾರರ ಕಾಲದಿಂದ ಬಂದದ್ದು. ಫೋಟೋ ಮೇಲೆ ಗೆರೆ ಎಳೆದು ನೋಡಿದರೆ ನಮ್ಮ ಕಡೆಯ ಎಷ್ಟೋ ಒಳ್ಳೆಯ ಮುಖಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಗಲ ಕೆನ್ನೆ, ತುಂಬಿದ ತುಟಿ ಇರುವ ಮುಖದಲ್ಲಿ ಹೊಳ್ಳೆಗಳನ್ನು ಆ ಗೆರೆಗೆ ಸರಿಯಾಗಿ ಕಿರಿದು ಮಾಡಿದರೆ, ಮುಖ ಇನ್ನೂ ಅಗಲ ಕಾಣುತ್ತದೆ. ಉಸಿರಾಟದ ಪ್ರಶ್ನೆ ಬೇರೆ. "ಮೂಗಲ್ಲಿ ಮೂಳೆ ಬೆಳೆದಿದೆ" ಅಂತ ಈಗಾಗಲೇ ಒಂದು ಕಡೆ ಕಟ್ಟಿಕೊಂಡಿರುವವರಿಗೆ ಮೂಗು ಮತ್ತೂ ಕಿರಿದು ಮಾಡಿದರೆ ರಾತ್ರಿ ಬಾಯಲ್ಲೇ ಉಸಿರಾಡಬೇಕಾಗುತ್ತದೆ. ಕಿರಿದು ಮಾಡಿದ ಹೊಳ್ಳೆಯನ್ನು ಮತ್ತೆ ಅಗಲ ಮಾಡುವುದು ಸುಲಭದ ಕೆಲಸವಲ್ಲ.

ನಕ್ಕಾಗ ಒಂದು ಫೋಟೋ ತೆಗೆಯಲೇಬೇಕು. ಕೆಲವರಿಗೆ ನಕ್ಕ ತಕ್ಷಣ ಮೂಗಿನ ತುದಿ ಕೆಳಗೆ ಇಳಿಯುತ್ತದೆ. ಮೂಗಿನ ಬುಡದಿಂದ ಮೇಲ್ತುಟಿಯ ಕಡೆ ಇರುವ ಒಂದು ಸಣ್ಣ ಸ್ನಾಯು ಎಳೆಯುವುದರಿಂದ ಹಾಗಾಗುತ್ತದೆ. ಸುಮ್ಮನೆ ನಿಂತ ಫೋಟೋದಲ್ಲಿ ಇದು ಸಿಗುವುದಿಲ್ಲ.

ಡೊಂಕು ಮೂಗಿನವರಿಗೆ ಮುಖದ ಎರಡು ಅರ್ಧ ಬೇರೆ ಬೇರೆ ತೋರಿಸುತ್ತೇನೆ. ಒಂದು ಕೆನ್ನೆ ಚಪ್ಪಟೆ, ಒಂದು ಕಣ್ಣು ಸ್ವಲ್ಪ ಮೇಲೆ, ಗದ್ದ ಒಂದು ಬದಿಗೆ. ಎಲ್ಲರ ಮುಖದಲ್ಲೂ ಇಂಥದ್ದು ಒಂದಲ್ಲ ಒಂದು ಇರುತ್ತದೆ. ಮುಖವೇ ಒಂದು ಕಡೆ ವಾಲಿದ್ದರೆ, ದಾರ ಹಿಡಿದ ಹಾಗೆ ನೆಟ್ಟಗೆ ಮಾಡಿದ ಮೂಗೂ ಡೊಂಕಾಗಿಯೇ ಕಾಣಬಹುದು. ಇದನ್ನು ಆಪರೇಷನ್‌ಗೆ ಮುಂಚೆ ತೋರಿಸಿದರೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ತೋರಿಸಿದರೆ ಅದು ನೆಪ ಅನ್ನಿಸುತ್ತದೆ.

ಸೆಲ್ಫಿ ತೋರಿಸಿ "ನೋಡಿ ಎಷ್ಟು ಅಗಲ" ಅನ್ನುವವರಿಗೆ ನನ್ನ ಉತ್ತರ ರೆಡಿ ಇರುತ್ತದೆ. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ, ಐದು ಅಡಿಯಿಂದ ತೆಗೆದ ಫೋಟೋಗಿಂತ ಮೂಗು ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಮೊಬೈಲ್ ದೂರ ಇಟ್ಟು ಇನ್ನೊಬ್ಬರ ಕೈಲಿ ಫೋಟೋ ತೆಗೆಸಿಕೊಂಡು ಬನ್ನಿ ಅನ್ನುತ್ತೇನೆ. ಕೆಲವರು ವಾಪಸ್ ಬರುವುದೇ ಇಲ್ಲ, ಅದೂ ಒಳ್ಳೆಯದೇ ಅಲ್ವಾ?

ಕೊನೆಗೆ ಜಾಹೀರಾತಿನ ಮುಂಚೆ-ಆಮೇಲೆ ಫೋಟೋಗಳ ಬಗ್ಗೆ ಒಂದು ಮಾತು. ಫೋಟೋ ತೆಗೆಯುವವಳಾಗಿ ಅವುಗಳ ಆಟ ನನಗೆ ಗೊತ್ತಾಗುತ್ತದೆ. ಮುಂಚಿನ ಫೋಟೋದಲ್ಲಿ ತಲೆ ತಗ್ಗಿಸಿ, ಲೈಟನ್ನು ಪಕ್ಕದಿಂದ ಬಿಟ್ಟರೆ ಮೂಗು ಉದ್ದವಾಗಿ, ದಿಣ್ಣೆ ನೆರಳಿನಲ್ಲಿ ಎದ್ದು ಕಾಣುತ್ತದೆ. ಆಮೇಲಿನದರಲ್ಲಿ ಗದ್ದ ಎತ್ತಿಸಿ, ಲೈಟು ಎದುರಿಗಿಟ್ಟರೆ ಅರ್ಧ ಆಪರೇಷನ್ ಅಲ್ಲೇ ಆಯಿತು. ಕಂಡುಹಿಡಿಯಲು ಕಿವಿ ನೋಡಿ. ಎರಡು ಫೋಟೋದಲ್ಲೂ ಕಣ್ಣಿನ ಸಾಲಿಗೆ ಕಿವಿ ಒಂದೇ ಮಟ್ಟದಲ್ಲಿ ಇರಬೇಕು. ಎರಡನೆಯದರಲ್ಲಿ ಕಿವಿ ಕೆಳಗೆ ಇಳಿದಿದ್ದರೆ ತಲೆ ಎತ್ತಿಸಿದ್ದಾರೆ ಅಂತ ಅರ್ಥ. ಆಮೇಲೆ ಆ ಫೋಟೋದವರ ಗದ್ದ, ಕೆನ್ನೆ, ಚರ್ಮ ನಿಮ್ಮದಕ್ಕೆ ಹತ್ತಿರ ಇದೆಯಾ ನೋಡಿ. ಇಲ್ಲದಿದ್ದರೆ ನಿಮ್ಮಂಥ ಮುಖದವರ ಫೋಟೋ ಇದ್ದರೆ ತೋರಿಸಿ ಅಂತ ಡಾಕ್ಟರನ್ನೇ ಕೇಳಿ. ಬರುವಾಗ ಮೂಗುತಿ ಬಿಚ್ಚಿಟ್ಟು ಬನ್ನಿ, ಫೋಟೋದಲ್ಲಿ ಫಳಫಳ ಹೊಳೆದು ತುದಿ ಸರಿಯಾಗಿ ಕಾಣುವುದಿಲ್ಲ.