ಗ್ಯಾಲಕ್ಸಿ ಮಂಕಾದ ಮೇಲೆ ಕಾಣುವುದು

ರೇಡಿಯೋ ಗ್ಯಾಲಕ್ಸಿಗಳ (ರೇಡಿಯೋ ಅಲೆಗಳನ್ನು ಜೋರಾಗಿ ಸೂಸುವ ಗ್ಯಾಲಕ್ಸಿಗಳು) ನೇರಳಾತೀತ ಚಿತ್ರ ತೋರಿಸಿದರೆ ಹೆಚ್ಚಿನವರು ಮೂಗು ಮುರಿಯುತ್ತಾರೆ. ತುಂಬಾ ಕಪ್ಪು, ನಡುವೆ ಅಲ್ಲಲ್ಲಿ ಬೆಳಕಿನ ಚುಕ್ಕೆ, ಅಷ್ಟೇ. ನನಗಂತೂ ಬಣ್ಣ ಬಳಿದ ಪೋಸ್ಟರ್‌ಗಳಿಗಿಂತ ಇವೇ ಜಾಸ್ತಿ ಇಷ್ಟ.

ಎಂ87 ತಗೊಳ್ಳಿ. ಕೇಂಬ್ರಿಜ್ ರೇಡಿಯೋ ಪಟ್ಟಿಯಲ್ಲಿ ಅದರ ಹೆಸರು 3ಸಿ 274, ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ. ಮಾಮೂಲಿ ಚಿತ್ರದಲ್ಲಿ ಅದೊಂದು ದುಂಡನೆಯ ಬೆಳಕಿನ ಮುದ್ದೆ. 1918ರಲ್ಲಿ ಖಗೋಳಜ್ಞ ಹೀಬರ್ ಕರ್ಟಿಸ್ ಗುರುತಿಸಿದ ಜೆಟ್, ಅಂದರೆ ನಡುವಿನ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ, ಅದರೊಳಗೆ ಸಣ್ಣ ಗೀರಿನಂತೆ ಅಡಗಿರುತ್ತದೆ. ಆ ಮುದ್ದೆಯೆಲ್ಲ ಮುದಿ ನಕ್ಷತ್ರಗಳು. ಅವುಗಳಲ್ಲಿ ಬಹುಪಾಲು ಕೆಂಪಗಿನವು, ನೇರಳಾತೀತ ಬೆಳಕು ಸೂಸುವುದೇ ಕಡಿಮೆ. ಹಾಗಾಗಿ ಹಬಲ್ ಬಾಹ್ಯಾಕಾಶ ದೂರದರ್ಶಕದ ನೇರಳಾತೀತ ಚಿತ್ರದಲ್ಲಿ ಗ್ಯಾಲಕ್ಸಿ ಮಂಕಾಗುತ್ತದೆ, ಜೆಟ್ ಎದ್ದು ಕಾಣುತ್ತದೆ. (ಪೂರ್ತಿ ಮಾಯವಾಗಲ್ಲ. ಮುದುಕರಲ್ಲೂ ಕೆಲವು ಬಿಸಿ ನಕ್ಷತ್ರಗಳಿವೆ!)

ಹತ್ತಿರ ಹೋಗಿ ನೋಡಿದರೆ ಜೆಟ್ ಒಂದೇ ಸಮ ಇಲ್ಲ, ಗಂಟು ಗಂಟಾಗಿದೆ. ತಿರುಳಿನ ಪಕ್ಕದ ಗಂಟಿಗೆ ಎಚ್‌ಎಸ್‌ಟಿ-1 ಅಂತ ಹೆಸರು. ಕಪ್ಪುಕುಳಿಯಿಂದ ನೂರಾರು ಜ್ಯೋತಿರ್ವರ್ಷ ದೂರದಲ್ಲಿದೆ. 2005ರಲ್ಲಿ ಅದು ಎಷ್ಟು ಉರಿಯಿತೆಂದರೆ ಗ್ಯಾಲಕ್ಸಿಯ ತಿರುಳನ್ನೇ ಮೀರಿಸಿತು! ನೇರಳಾತೀತ ಬೆಳಕು ಚೆಲ್ಲುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಆದರೂ ಸುಮಾರು 5,000 ಜ್ಯೋತಿರ್ವರ್ಷ ಉದ್ದದ ಜೆಟ್ ತುದಿಯವರೆಗೂ ಬೆಳಕಿದೆ. ಅಂದರೆ ದಾರಿಯಲ್ಲೇ ಅವುಗಳಿಗೆ ಮತ್ತೆ ಮತ್ತೆ ವೇಗ ಸಿಗುತ್ತಿರಬೇಕು, ಅಲ್ವಾ? ಒಂದು ಚಿತ್ರದಿಂದ ಇಷ್ಟು ಹೊರಡುತ್ತದೆ.

ಹಬಲ್‌ನ ಸ್ಟಿಸ್ ಕ್ಯಾಮೆರಾ 3ಸಿ ಪಟ್ಟಿಯ ಹತ್ತಿರದ ಹಲವು ಗ್ಯಾಲಕ್ಸಿಗಳನ್ನು ಹೀಗೆ ಹಿಡಿದಿದೆ. ಅದಕ್ಕೆ ಒಮ್ಮೆಗೆ ಕಾಣುವುದು ಆಕಾಶದ ಬರೀ 25 ಆರ್ಕ್‌ಸೆಕೆಂಡ್ ಅಗಲ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್). ಆಕಾಶದಲ್ಲಿ ದೊಡ್ಡದಾಗಿ ಕಾಣುವ ಸೆಂಟಾರಸ್ ಎ ಗ್ಯಾಲಕ್ಸಿ ಥರದ್ದಕ್ಕೆ ಅದು ಎಲ್ಲಿ ಸಾಲಬೇಕು? ಅಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಯುವಿಐಟಿ ವಾಸಿ: ಅದರ ನೋಟ 28 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ 60 ಆರ್ಕ್‌ಸೆಕೆಂಡ್), ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಸೆಂಟಾರಸ್ ಎ ಜೆಟ್ ಸಾಗುವ ಉತ್ತರ ದಿಕ್ಕಿನಲ್ಲಿ ಎಳೆಯ ನಕ್ಷತ್ರಗಳು ಹೊಳೆಯುವುದನ್ನು ಅದು ತೋರಿಸಿದೆ. ದೂಳಿನ ಪಟ್ಟಿ ಮಾತ್ರ ಎಲ್ಲ ಕಡೆ ಕಾಟ ಕೊಡುತ್ತದೆ, ನೇರಳಾತೀತವನ್ನು ನುಂಗಿಬಿಡುತ್ತದೆ.

ಇನ್ನೊಂದು ಕಿರಿಕಿರಿ ಇದೆ. ತಿರುಳಿನ ಸುತ್ತ ನೀಲಿ ಬೆಳಕು ಕಂಡ ಕೂಡಲೇ 'ಹೊಸ ನಕ್ಷತ್ರಗಳು' ಎಂದುಬಿಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಡಗಿದ ತಿರುಳಿನ ಬೆಳಕು ದೂಳಿಗೆ ಬಡಿದು ಚದುರಿದರೂ ಹಾಗೇ ಕಾಣುತ್ತದೆ. ಚದುರಿದ ಬೆಳಕು ಧ್ರುವೀಕೃತವಾಗಿರುತ್ತದೆ (ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ), ನಕ್ಷತ್ರದ್ದು ಸಾಮಾನ್ಯವಾಗಿ ಅಷ್ಟು ಇರಲ್ಲ. ಆ ಅಳತೆ ಇಲ್ಲದಿದ್ದರೆ, ಸ್ಪೆಕ್ಟ್ರಮ್ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು) ಆದರೂ ತೋರಿಸಿ ಅಂತೀನಿ.